ಹಳೆಯ ಕಂಪ್ಯೂಟರಿನ ನಿವೃತ್ತಿ ವಯಸ್ಸೆಷ್ಟು?

ಸರ್ಕಾರಿ ನೌಕರನಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಡುತ್ತಾರೆ. ಅವನ ಕಣ್ಣು, ಕಿವಿ, ಬುದ್ಧಿ ಹೇಗಿವೆ ಎಂದು ಯಾರೂ ಪರೀಕ್ಷಿಸುವುದಿಲ್ಲ, ಜನ್ಮದಿನಾಂಕವೇ ತೀರ್ಪು. ನನಗೆ ಬಂದ ಆ ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಂಥದೇ ಒಂದು ಆದೇಶ 2025ರ ಅಕ್ಟೋಬರ್ 14ರಂದು ನನ್ನ ಮನೆಯ ಕಂಪ್ಯೂಟರಿಗೂ ಬಂದಾಗ ಸ್ವಲ್ಪ ಯೋಚಿಸಬೇಕಾಯಿತು. ಆ ದಿನ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ 10 ವ್ಯವಸ್ಥೆಗೆ ಉಚಿತ ಭದ್ರತಾ ಪರಿಷ್ಕರಣೆಗಳನ್ನು ನಿಲ್ಲಿಸಿತು. ನನ್ನ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂಬ ಸಂದೇಶ ಅದಕ್ಕೂ ಮೊದಲೇ ಪರದೆಯ ಮೇಲೆ ಬಂದಿತ್ತು.

ಈ ಕಂಪ್ಯೂಟರನ್ನು ನಾನು 2013ರಲ್ಲಿ ಕೊಂಡದ್ದು. ನಾಲ್ಕು ಜಿಬಿ ಮೆಮೊರಿ, ಐನೂರು ಜಿಬಿಯ ಹಾರ್ಡ್ ಡಿಸ್ಕ್, ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್. ನಿವೃತ್ತಿಯ ನಂತರ ಪುಸ್ತಕಗಳ ಜೊತೆ ಅದೂ ಜೇವರ್ಗಿ ತಾಲ್ಲೂಕಿನ ನಮ್ಮೂರು ಕೊಳಕೂರಿನ ಹಳೆಯ ಮನೆಗೆ ಬಂತು. ನನ್ನ ತಮ್ಮನ ಮೊಮ್ಮಗಳು ಬಿ.ಕಾಂ. ಓದುತ್ತಿದ್ದಾಳೆ. ಲೆಕ್ಕದ ಹಾಳೆಗಳನ್ನು ತುಂಬಲು, ಕನ್ನಡ ಟೈಪಿಂಗ್ ಕಲಿಯಲು ಸಂಜೆ ನನ್ನ ಬಳಿಗೆ ಬರುತ್ತಾಳೆ. ಮೊಬೈಲ್ ಅವಳಲ್ಲಿದೆ, ಆದರೆ ಅಂಗೈಯಗಲದ ಪರದೆಯಲ್ಲಿ ಇಪ್ಪತ್ತು ಅಂಕಣಗಳ ಲೆಕ್ಕ ಕಲಿಯಲು ಬರುವುದಿಲ್ಲ. ಗುಂಡಿ ಒತ್ತಿದ ಮೇಲೆ ನನ್ನ ಯಂತ್ರ ಕೆಲಸಕ್ಕೆ ಸಿದ್ಧವಾಗಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. "ಇದು ಸುರು ಆಗೂದ್ರಾಗ ಚಾ ಕುಡದು ಬರಬಹುದು ನೋಡ್ರಿ ಮುತ್ಯಾ" ಎಂದು ಅವಳು ನಗುತ್ತಿದ್ದಳು.

ಕಲಬುರಗಿಗೆ ಹೋದಾಗ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ಮುಚ್ಚಳ ತೆಗೆಯದೆಯೇ ತೀರ್ಪು ಹೇಳಿದರು: "ಇದರ ಕಾಲ ಮುಗಿದದ ಸರ್. ಹದಿನೈದು ನೂರಕ್ಕ ನಾವೇ ತಗೋತೀವಿ, ಹೊಸದು ಒಯ್ರಿ." ನಾನು ಒಪ್ಪಿಯೇಬಿಟ್ಟಿದ್ದೆ. ರಾತ್ರಿ ಊರಿಗೆ ಮರಳಿದ ಮೇಲೆ ಹೊಳೆಯಿತು: ಆ ಡಿಸ್ಕಿನಲ್ಲಿ ಹನ್ನೆರಡು ವರ್ಷಗಳ ನನ್ನ ಬರಹಗಳಿವೆ, ಆಸ್ತಿ ವಿಭಾಗದ ಪತ್ರಗಳ ಪ್ರತಿಗಳಿವೆ, ಪ್ಯಾನ್ ಮತ್ತು ಬ್ಯಾಂಕ್ ವಿವರಗಳಿವೆ, ಎಲ್ಲಕ್ಕಿಂತ ಮಿಗಿಲಾಗಿ ಈಗ ಇಲ್ಲದ ನನ್ನ ಪತ್ನಿಯ ಚಿತ್ರಗಳು, ಅವಳ ಧ್ವನಿ ಇರುವ ನಾಲ್ಕಾರು ತುಣುಕುಗಳಿವೆ. ಅವುಗಳಿಗೆ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಕಡತ ನಿರ್ವಹಣೆಯಲ್ಲೇ ಆಯುಷ್ಯ ಕಳೆದವನು ತನ್ನ ಮನೆಯ ಕಡತಗಳನ್ನು ಹದಿನೈದು ನೂರು ರೂಪಾಯಿಗೆ ತೂಗಿಕೊಡಲು ಹೊರಟಿದ್ದೆ.

ಯಂತ್ರವೊಂದು ಹಳೆಯದಾಯಿತೆಂದು ತೀರ್ಮಾನಿಸುವವರು ಯಾರು? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಸದಲ್ಲ. ಬಾಳಿಕೆ ಬರುವ ವಸ್ತುವನ್ನು ಮಾರುವ ಏಕಸ್ವಾಮ್ಯದ ಸಂಸ್ಥೆಗೆ ತಾನು ಹಿಂದೆ ಮಾರಿದ ಸರಕೇ ಪ್ರತಿಸ್ಪರ್ಧಿಯಾಗುತ್ತದೆ ಎಂಬ ತೊಡಕನ್ನು ರೊನಾಲ್ಡ್ ಕೋಸ್ 1972ರಲ್ಲೇ ವಿಶ್ಲೇಷಿಸಿದ್ದರು. ಹಳೆಯದು ಚೆನ್ನಾಗಿ ನಡೆಯುತ್ತಿದ್ದರೆ ಹೊಸದನ್ನು ಕೊಳ್ಳುವವರಾರು? ಇನ್ನೊಂದು ಬದಿಯಿಂದ ಗಣಕವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲಿ ಒಂದು ದೂರು ದಾಖಲಿಸಿದರು: ಯಂತ್ರಾಂಶ ವೇಗ ಪಡೆಯುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ. ಮೆಮೊರಿ ಅಗ್ಗವಾದಂತೆ ತಂತ್ರಾಂಶಗಳ ಮೈ ದಪ್ಪವಾಗುತ್ತ ಹೋಗುತ್ತದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕೀಕೃತವಾದಾಗ ತಾಲ್ಲೂಕು ಕಚೇರಿಗಳಲ್ಲಿದ್ದ ಕಂಪ್ಯೂಟರುಗಳು ಇಂದಿನ ಸಾಧಾರಣ ಮೊಬೈಲಿಗೂ ಸಮವಲ್ಲ. ಆದರೂ ರೈತನೊಬ್ಬ ಹದಿನೈದು ರೂಪಾಯಿ ಕಟ್ಟಿದರೆ ಅವು ನಿಮಿಷಗಳಲ್ಲಿ ಪಹಣಿ ಮುದ್ರಿಸಿ ಕೊಡುತ್ತಿದ್ದವು. ಕೆಲಸಕ್ಕೆ ಬೇಕಾದಷ್ಟೇ ತಂತ್ರಾಂಶವಿದ್ದರೆ ಸಾಧಾರಣ ಯಂತ್ರವೂ ದುಡಿಯುತ್ತದೆ.

ಕಂಪನಿಯ ಪಕ್ಷವನ್ನೂ ಹೇಳಬೇಕು. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಹತ್ತು ವರ್ಷ ಅದನ್ನು ನಿಭಾಯಿಸಿದ್ದು ಕಡಿಮೆ ಅವಧಿಯಲ್ಲ. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ, ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರನ್ನೂ ಬಯಸುವುದಕ್ಕೆ ಸುರಕ್ಷತೆಯ ಕಾರಣಗಳಿವೆ. ಗಡುವಿನ ನಂತರವೂ ವೈಯಕ್ತಿಕ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಪರಿಷ್ಕರಣೆ ನೀಡುವುದಾಗಿ ಅದು ಪ್ರಕಟಿಸಿತು. ಆದರೆ ಕಂಪನಿ ತನ್ನ ತಂತ್ರಾಂಶಕ್ಕೆ ವಿದಾಯ ಹೇಳಿದ ದಿನವೇ ನಮ್ಮ ಯಂತ್ರದ ಆಯುಷ್ಯ ಮುಗಿಯಿತೆಂದು ನಾವೇಕೆ ತಿಳಿಯಬೇಕು? ಇವೆರಡೂ ಬೇರೆ ಬೇರೆ ಸಂಗತಿಗಳು. ಈ ವ್ಯತ್ಯಾಸವನ್ನು ಗ್ರಾಹಕನಿಗೆ ಬಿಡಿಸಿ ಹೇಳುವುದರಲ್ಲಿ ಮಾರುವವರಿಗೆ ಯಾವ ಲಾಭವೂ ಇಲ್ಲ.

ಹಾಗಾದರೆ ನಿಧಾನಕ್ಕೆ ಕಾರಣವೇನು? ಕಂದಾಯ ಕಚೇರಿಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಪ್ರೊಸೆಸರ್ ಎಂದರೆ ಅಧಿಕಾರಿ. ಮೆಮೊರಿ ಎಂದರೆ ಅವನ ಮೇಜು. ಹಾರ್ಡ್ ಡಿಸ್ಕ್ ಎಂದರೆ ರೆಕಾರ್ಡ್ ರೂಮ್. ಮೇಜು ಚಿಕ್ಕದಾದರೆ ಜವಾನ ಪ್ರತಿ ಬಾರಿ ಒಂದು ಕಡತ ಒಳಗಿಟ್ಟು ಇನ್ನೊಂದನ್ನು ತರಬೇಕು. ರೆಕಾರ್ಡ್ ರೂಮ್ ದೂರವಿದ್ದರೆ ಅಧಿಕಾರಿ ಎಷ್ಟೇ ಚುರುಕಾಗಿದ್ದರೂ ಕೈಕಟ್ಟಿ ಕೂರಬೇಕು. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5,400 ಅಥವಾ 7,200 ಬಾರಿ ತಿರುಗುವ ತಟ್ಟೆಯ ಮೇಲೆ ಒಂದು ಪುಟ್ಟ ತೋಳು ಮಾಹಿತಿಯನ್ನು ಹುಡುಕುತ್ತ ಅಲೆಯುತ್ತದೆ. ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಅದು ತರಬಲ್ಲದ್ದು ಸೆಕೆಂಡಿಗೆ ನೂರು ಬಾರಿಯ ಆಸುಪಾಸು ಮಾತ್ರ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಾಹಕದಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಕೆಲಸ ಸೆಕೆಂಡಿಗೆ ಸಾವಿರಾರು ಬಾರಿ ನಡೆಯುತ್ತದೆ. ನನ್ನ ಯಂತ್ರದಲ್ಲಿ ಅಧಿಕಾರಿ ಸಮರ್ಥನೇ ಇದ್ದ. ಮೇಜು ಕಿರಿದಾಗಿತ್ತು, ರೆಕಾರ್ಡ್ ರೂಮ್ ಶಿಥಿಲವಾಗಿತ್ತು. ನಾನು ವರ್ಗಾಯಿಸಲು ಹೊರಟದ್ದು ಮಾತ್ರ ಅಧಿಕಾರಿಯನ್ನು.

ಇದನ್ನು ತಿಳಿಯಲು ಪರಿಣತಿ ಬೇಕಿಲ್ಲ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಯಾವ ಭಾಗ ನೂರಕ್ಕೆ ನೂರರಷ್ಟು ಒತ್ತಡದಲ್ಲಿದೆ ಎಂಬುದು ಕಾಣುತ್ತದೆ. ನನ್ನದರಲ್ಲಿ ಪ್ರೊಸೆಸರ್ ಬಹುಪಾಲು ಸುಮ್ಮನಿತ್ತು; ಡಿಸ್ಕ್ ಮಾತ್ರ ಸದಾ ನೂರು ತೋರಿಸುತ್ತಿತ್ತು. ಪ್ರತಿ ಡಿಸ್ಕಿನಲ್ಲೂ ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಎಂಬ ವ್ಯವಸ್ಥೆ ಇರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಓದಿಸಿದಾಗ ಹಳದಿ ಬಣ್ಣದ ಎಚ್ಚರಿಕೆ ಬಂತು. ಡಿಸ್ಕಿನ ಕೆಲವು ಭಾಗಗಳು ಆಗಲೇ ಕೆಟ್ಟಿದ್ದವು. ಅಂದರೆ ನಾನು ಮಾರದಿದ್ದರೂ ನನ್ನ ಕಡತಗಳು ಒಂದು ದಿನ ಹೇಳದೆ ಕೇಳದೆ ಹೋಗುತ್ತಿದ್ದವು.

ಆದ್ದರಿಂದ ಮೊದಲ ಕೆಲಸ ವೇಗ ಹೆಚ್ಚಿಸುವುದಲ್ಲ, ಪ್ರತಿ ತೆಗೆಯುವುದು. ಹೊರಗಿನಿಂದ ಜೋಡಿಸುವ ಎರಡು ಡಿಸ್ಕ್ ತಂದು ಎಲ್ಲವನ್ನೂ ಎರಡು ಬಾರಿ ಇಳಿಸಿದೆ. ಒಂದನ್ನು ನಮ್ಮ ಮನೆಯ ಕಪಾಟಿನಲ್ಲಿಟ್ಟೆ, ಇನ್ನೊಂದನ್ನು ಕಲಬುರಗಿಯಲ್ಲಿರುವ ಮಗಳ ಮನೆಗೆ ಕಳಿಸಿದೆ. ಕಳವು, ಬೆಂಕಿ, ಸಿಡಿಲು ಯಾವುದು ಬಂದರೂ ಎರಡೂ ಕಡೆ ಒಟ್ಟಿಗೆ ಬರಲಾರದು. ಎರಡು ರಾತ್ರಿ ಹಿಡಿದ ಈ ಕೆಲಸ ಮುಗಿದ ಮೇಲೆಯೇ ಯಂತ್ರದ ಮುಚ್ಚಳಕ್ಕೆ ಕೈ ಹಾಕಿದ್ದು.

ಒಳಗೆ ಕಂಡದ್ದು ನಮ್ಮ ಎರೆ ಸೀಮೆಯ ಮಣ್ಣು. ತೊಗರಿ ರಾಶಿಯ ದಿನಗಳಲ್ಲಿ ಏಳುವ ಹೊಟ್ಟು, ಬೇಸಿಗೆಯ ದೂಳು ಎಲ್ಲವೂ ಫ್ಯಾನಿನ ರೆಕ್ಕೆಗಳಿಗೆ ಕಂಬಳಿಯಂತೆ ಅಂಟಿತ್ತು. ಪ್ರೊಸೆಸರ್ ಅತಿಯಾಗಿ ಬಿಸಿಯಾದಾಗ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಾಲ್ವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಂಪ್ಯೂಟರ್ ಮಂಕಾಗುವುದಕ್ಕೆ ಇದೂ ಒಂದು ಕಾರಣ. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಬಣ್ಣದ ಕುಂಚದಿಂದ ದೂಳು ತೆಗೆದೆ. ಪ್ರೊಸೆಸರ್ ಮತ್ತು ಅದರ ಲೋಹದ ತಂಪುಗಾರಕದ ನಡುವೆ ಹಚ್ಚುವ ಶಾಖವಾಹಕ ಲೇಪ ಒಣಗಿ ಸುಣ್ಣದಂತಾಗಿತ್ತು. ಅದನ್ನು ಜೇವರ್ಗಿಯ ಹುಡುಗನೊಬ್ಬ ಬಂದು ಹೊಸದಾಗಿ ಹಚ್ಚಿಕೊಟ್ಟ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತರೆ ಪ್ರತಿ ಸಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ಬ್ಯಾಂಕಿನಂಥ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಇಂಟರ್ನೆಟ್ ಕೆಟ್ಟಿದೆ ಎಂದು ತಿಂಗಳುಗಟ್ಟಲೆ ನಾನು ಶಪಿಸಿದ್ದು ಈ ಸಣ್ಣ ಬ್ಯಾಟರಿಯ ತಪ್ಪಿಗೆ.

ಆಮೇಲೆ 256 ಜಿಬಿಯ ಒಂದು ಎಸ್‌ಎಸ್‌ಡಿ, ಇನ್ನೂ ನಾಲ್ಕು ಜಿಬಿಯ ಹಳೆಯ ಡಿಡಿಆರ್3 ಮೆಮೊರಿ ಪಟ್ಟಿ ಸೇರಿಸಿದೆವು. ಎರಡಕ್ಕೂ ಸೇರಿ ನಾನು ಕೊಟ್ಟದ್ದು ಮೂರು ಸಾವಿರ ರೂಪಾಯಿಯೊಳಗೆ. ಮೆಮೊರಿ ಕೊಳ್ಳುವಾಗ ಒಂದು ಎಚ್ಚರ ಬೇಕು: ಡಿಡಿಆರ್3 ಇದ್ದಲ್ಲಿ ಡಿಡಿಆರ್4 ಕೂರುವುದಿಲ್ಲ. ಈಗ ಯಂತ್ರ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಚಹಾ ಕುಡಿದು ಬರುವ ನೆಪ ಇಲ್ಲವಾಯಿತು.

ಇನ್ನುಳಿದದ್ದು ಸುರಕ್ಷತೆಯ ಪ್ರಶ್ನೆ. ಪರಿಷ್ಕರಣೆ ನಿಂತ ವ್ಯವಸ್ಥೆಯೊಂದಿಗೆ ಇಂಟರ್ನೆಟ್ ಬಳಸುವುದು ಬೀಗ ಸವೆದ ಮನೆಯಲ್ಲಿ ವಾಸಿಸಿದಂತೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ನೆರೆಯ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು. ಆ ದೋಷಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಬಿಡುಗಡೆ ಮಾಡಿತ್ತು. ನಷ್ಟವಾದದ್ದು ಬಹುಪಾಲು ಅದನ್ನು ಅಳವಡಿಸಿಕೊಳ್ಳದವರಿಗೆ. ಆದ್ದರಿಂದ ಹಳೆಯ ಯಂತ್ರವನ್ನು ಉಳಿಸಿಕೊಳ್ಳಿ ಎನ್ನುವ ನಾನು ಹಳೆಯ ವ್ಯವಸ್ಥೆಯನ್ನೂ ಹಾಗೆಯೇ ಇಟ್ಟುಕೊಳ್ಳಿ ಎಂದು ಹೇಳಲಾರೆ.

ನಾನು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯ ಹಗುರ ರೂಪ. ಎರಡು ಜಿಬಿ ಮೆಮೊರಿಯಲ್ಲೂ ಅದು ನಡೆಯುತ್ತದೆ. ಅದರ 22ನೇ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳ ಭರವಸೆ ಇದೆ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಡಿಸ್ಕನ್ನು ಮುಟ್ಟದೆ ಪರೀಕ್ಷಿಸಿ ನೋಡುವ ಅವಕಾಶವೂ ಉಂಟು. ಲಿನಕ್ಸ್ ಎಂದರೆ ತಜ್ಞರ ಸೊತ್ತು ಎಂಬ ಅಂಜಿಕೆ ಬೇಡ. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಇದನ್ನೇ ಆಧರಿಸಿದ ವ್ಯವಸ್ಥೆಯನ್ನು ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಅದರಲ್ಲಿ ನೇರವಾಗಿ ನಡೆಯದು. ಕೆಲವು ಮುದ್ರಕಗಳೂ ಡಿಜಿಟಲ್ ಸಹಿಯ ಟೋಕನ್ನುಗಳೂ ತೊಂದರೆ ಕೊಡುತ್ತವೆ. ಅಂಥ ಕೆಲಸವಿದ್ದವರು ಹೊಸ ಯಂತ್ರ ಕೊಳ್ಳುವುದೇ ಸರಿ. ಅಂಗಡಿಗಳಲ್ಲಿ ಪುಕ್ಕಟೆ ಹಾಕಿಕೊಡುವ ಕಳ್ಳ ಪ್ರತಿಗಳನ್ನಂತೂ ಒಪ್ಪಬಾರದು. ಬೀಗ ಒಡೆದು ಕೊಟ್ಟವನು ಒಳಗೆ ಏನನ್ನು ಇಟ್ಟುಹೋಗಿದ್ದಾನೆ ಎಂಬುದು ನಮಗೆ ಕಾಣುವುದಿಲ್ಲ.

ಯಾವ ವ್ಯವಸ್ಥೆಯೂ ತಡೆಯಲಾರದ ಒಂದು ಅಪಾಯವಿದೆ. ಒಂದು ಸಂಜೆ ಪರದೆ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ" ಎಂಬ ಸೂಚನೆ ಬಂತು. ಜಿಲ್ಲಾ ಮಟ್ಟದ ಸಭೆಗಳನ್ನು ನಡೆಸಿದ ನಾನು ಗಾಬರಿಯಿಂದ ಫೋನ್ ಕೈಗೆತ್ತಿಕೊಂಡೆ. "ಫೋನ್ ಹಚ್ಚಬ್ಯಾಡ್ರಿ ಮುತ್ಯಾ, ಅದು ಖೊಟ್ಟಿ ಅದ" ಎಂದು ಆ ಹುಡುಗಿ ಬ್ರೌಸರನ್ನೇ ಮುಚ್ಚಿಬಿಟ್ಟಳು. ಕರೆ ಮಾಡಿದ್ದರೆ ಆ ಬದಿಯವರು ಯಂತ್ರದ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಂಡು ಬ್ಯಾಂಕ್ ಖಾತೆಯನ್ನು ಬರಿದು ಮಾಡುತ್ತಿದ್ದರು. ಇಂಥ ವಂಚನೆಗೆ ಸಿಲುಕಿದವರು ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು. ನಾಚಿಕೆಯಿಂದ ಕಳೆಯುವ ಪ್ರತಿ ಗಂಟೆಯೂ ವಂಚಕನ ಪಾಲಿಗೆ ಲಾಭ.

ಯಂತ್ರವನ್ನು ನಮಗೆ ಹೊಂದಿಸಿಕೊಳ್ಳುವುದು ಕೊನೆಯ ಹಂತ. ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣುಗಳಿಗಾಗಿ ಅಕ್ಷರದ ಗಾತ್ರ ಹೆಚ್ಚಿಸಿದೆ, ಮೌಸಿನ ಚುರುಕನ್ನು ತಗ್ಗಿಸಿದೆ. ಪರದೆಯ ಮೇಲೆ ನಾಲ್ಕೇ ಚಿತ್ರಗಳನ್ನು ಉಳಿಸಿದೆ. ಹುಡುಗಿಗೆ ಬೇರೆ ಖಾತೆ, ಬೇರೆ ಪಾಸ್‌ವರ್ಡ್. ಕನ್ನಡಕ್ಕೆ ಏನು ಮಾಡುವುದೆಂಬ ಚಿಂತೆ ಇತ್ತು. ಕೆ.ಪಿ. ರಾವ್ ಅವರ ತರ್ಕದಿಂದ ರೂಪುಗೊಂಡ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ನೌಕರರ ಬೆರಳುಗಳಿಗೆ ಅಭ್ಯಾಸವಾದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಲ್ಲೇ ಸಿದ್ಧವಾಗಿ ದೊರೆಯಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳು ಪ್ರಪಂಚದ ಯಾವ ಮೂಲೆಯ ಲಿನಕ್ಸ್ ಯಂತ್ರದಲ್ಲೂ ಇವೆ ಎಂಬುದನ್ನು ಕಂಡು ಹೆಮ್ಮೆಯೆನಿಸಿತು. ಆದರೆ ನನ್ನ ಹಳೆಯ ಲೇಖನಗಳನ್ನು ತೆರೆದರೆ ಕನ್ನಡದ ಬದಲು ಯುರೋಪಿನ ವಿಚಿತ್ರ ಅಕ್ಷರಗಳ ಜಾತ್ರೆ! ಯೂನಿಕೋಡ್‌ಗೆ ಮುನ್ನಿನ ಫಾಂಟುಗಳಲ್ಲಿ ಬರೆದದ್ದು ಆ ಫಾಂಟು ಇಲ್ಲದೆಡೆ ಓದಲು ಬರುವುದಿಲ್ಲ. ಸ್ವಯಂಸೇವಕ ತಂತ್ರಜ್ಞರು ರೂಪಿಸಿದ ಉಚಿತ ಪರಿವರ್ತಕಗಳ ನೆರವಿನಿಂದ ಒಂದೊಂದಾಗಿ ಅವನ್ನು ಯೂನಿಕೋಡ್‌ಗೆ ತರುತ್ತಿದ್ದೇನೆ. ನನ್ನ ಪೀಳಿಗೆಯ ಎಷ್ಟೋ ಅಧ್ಯಾಪಕರ, ಬರಹಗಾರರ ಹಸ್ತಪ್ರತಿಗಳು ಇದೇ ಸ್ಥಿತಿಯಲ್ಲಿರಬೇಕು. ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅವುಗಳನ್ನು ಉಳಿಸಿಕೊಳ್ಳುವುದು ತುರ್ತಿನ ಕೆಲಸ.

ಒಂದು ಮನೆಯ ಕಥೆಯನ್ನು ಇಷ್ಟು ವಿಸ್ತರಿಸಿದ್ದೇಕೆಂದರೆ ಇದರ ಹಿಂದೆ ಸಾರ್ವಜನಿಕ ಹಿತದ ಪ್ರಶ್ನೆಯೂ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ ದೇಶದ ನಗರದ ಮನೆಗಳಲ್ಲಿ ಶೇ 23.4ರಷ್ಟರಲ್ಲಿ ಕಂಪ್ಯೂಟರ್ ಇದ್ದರೆ, ಗ್ರಾಮೀಣ ಮನೆಗಳಲ್ಲಿ ಇದ್ದದ್ದು ಶೇ 4.4ರಷ್ಟರಲ್ಲಿ ಮಾತ್ರ. ಇನ್ನೊಂದೆಡೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನಾಲ್ಕನೇ ಒಂದಂಶಕ್ಕೂ ಕಡಿಮೆ. ಒಂದು ಡೆಸ್ಕ್‌ಟಾಪ್ ಮತ್ತು ಅದರ ಪರದೆಯ ತಯಾರಿಕೆಗೆ ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಖರ್ಚಾಗುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ 2004ರ ಅಧ್ಯಯನ ಲೆಕ್ಕ ಹಾಕಿತ್ತು. ಈ ವೆಚ್ಚವೆಲ್ಲ ಯಂತ್ರ ಅಂಗಡಿಗೆ ಬರುವ ಮುನ್ನವೇ ಆಗಿಹೋಗಿರುತ್ತದೆ. ಅದನ್ನು ಇನ್ನೂ ನಾಲ್ಕು ವರ್ಷ ಬಳಸಿದರೆ ಆ ಬಂಡವಾಳಕ್ಕೆ ಅಷ್ಟರಮಟ್ಟಿಗೆ ಪ್ರತಿಫಲ ದೊರೆತಂತೆ.

ನಗರದ ಕಚೇರಿ, ಬ್ಯಾಂಕು, ಕಂಪನಿಗಳಲ್ಲಿ ಗಡುವು ಮುಗಿಯಿತೆಂದು ಮೂಲೆ ಸೇರುತ್ತಿರುವ ಯಂತ್ರಗಳಲ್ಲಿ ಬಹಳಷ್ಟು ನನ್ನದಕ್ಕಿಂತ ಹೊಸವು. ಅವುಗಳ ಡಿಸ್ಕನ್ನು ಪೂರ್ತಿ ಅಳಿಸಿ, ಎಸ್‌ಎಸ್‌ಡಿ ಹಾಕಿ, ಕನ್ನಡದ ಕೀಲಿಮಣೆ ಇರುವ ಉಚಿತ ವ್ಯವಸ್ಥೆ ಅಳವಡಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ, ಅರಿವು ಕೇಂದ್ರಗಳಿಗೆ ಕೊಡಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಹರಾಜಿಗೆ ಮುನ್ನ ತಾಂತ್ರಿಕ ಪರಿಶೀಲನೆ ಕಡ್ಡಾಯ ಎಂಬ ಒಂದು ಸುತ್ತೋಲೆ ಸಾಕು. ದುರಸ್ತಿಯ ಕೆಲಸ ತಾಲ್ಲೂಕು ಕೇಂದ್ರಗಳ ಐಟಿಐ ಕಲಿತ ಹುಡುಗರಿಗೆ ಉದ್ಯೋಗವೂ ಆದೀತು. ನಿಜವಾಗಿ ಕೆಟ್ಟವುಗಳು ಮಾತ್ರ ನೋಂದಾಯಿತ ಮರುಬಳಕೆದಾರರ ಬಳಿಗೆ ಹೋಗಲಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಅದೇ. ದಾನವೆಂಬ ಹೆಸರಿನಲ್ಲಿ ನಡೆಯದ ಯಂತ್ರಗಳನ್ನು ಹಳ್ಳಿಗೆ ಸಾಗಿಸುವುದು ಮಾತ್ರ ಆಗಕೂಡದು. ಅದು ನಗರದ ಕಸವನ್ನು ವಿಳಾಸ ಬದಲಿಸಿ ಸುರಿದಂತೆ.

ಈಗ ಸಂಜೆ ಆರಾದರೆ ಪಡಸಾಲೆಯಲ್ಲಿ ಕೀಲಿಮಣೆಯ ಸದ್ದು ಕೇಳುತ್ತದೆ. ನಮ್ಮ ಹುಡುಗಿಯ ಜೊತೆ ಅವಳ ಇಬ್ಬರು ಗೆಳತಿಯರೂ ಬರುತ್ತಾರೆ. ನನ್ನ ಸರದಿಗಾಗಿ ನಾನು ಕಾಯಬೇಕಾಗಿದೆ. ಈ ಯಂತ್ರಕ್ಕೆ ಮುಂದಿನ ಗಡುವು 2029. ಆಗ ಇನ್ನೊಂದು ಆದೇಶ ಬಂದಾಗ ಅದನ್ನು ಕಣ್ಣುಮುಚ್ಚಿ ಒಪ್ಪುವ ಮೊದಲು ಮುಚ್ಚಳ ತೆಗೆದು ನೋಡುತ್ತೇನೆ. ಅಷ್ಟರೊಳಗೆ ನನ್ನ ಕೈಗೆ ಆ ಶಕ್ತಿ ಇಲ್ಲವಾದರೆ ಆ ಕೆಲಸವನ್ನು ಹುಡುಗಿ ಮಾಡುತ್ತಾಳೆ. ಸ್ಕ್ರೂಡ್ರೈವರ್ ಹಿಡಿಯುವುದನ್ನು ಅವಳು ಆಗಲೇ ಕಲಿತಿದ್ದಾಳೆ.